ಮೊಲೆಗಂಟಿನಲ್ಲಿ ರೋಗನಿರೋಧಕ ಕೋಶಗಳು ತುಂಬಿದ್ದರೆ ಅದು ಒಳ್ಳೆಯ ಲಕ್ಷಣವೇ? ಮುಧೋಳ ನಾಯಿಯ ಬಯಾಪ್ಸಿ ವರದಿಯ ಬಗ್ಗೆ

ಲೋಕಾಪುರದ ಸಾಕಣೆದಾರ (ಮುಧೋಳ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮುಧೋಳ ತಳಿಯ ಹೆಣ್ಣು ನಾಯಿಗೆ ಈಗ ಒಂಬತ್ತು ವರ್ಷ. ಹಲವು ಸಲ ಮರಿ ಹಾಕಿದೆ, ಸಂತಾನಹರಣ ಮಾಡಿಸಿಲ್ಲ. ಬಲಗಡೆಯ ಕೊನೆಯ ಮೊಲೆಯ ಬುಡದಲ್ಲಿ ಮೊದಲು ಕಡಲೆಕಾಳಿನಷ್ಟಿದ್ದ ಗಂಟು ದೀಪಾವಳಿಯ ಹೊತ್ತಿಗೆ ನಿಂಬೆಹಣ್ಣಿನಷ್ಟಾಯಿತು. ಬಾಗಲಕೋಟೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ತೆಗೆದರು. ತೆಗೆದ ಗಡ್ಡೆಯನ್ನು ಪರೀಕ್ಷೆಗೆ ಕಳುಹಿಸಿದರು. ಈಗ ವರದಿ ಬಂದಿದೆ. ಅದರಲ್ಲಿ ಗ್ರೇಡ್ 2 ಕಾರ್ಸಿನೋಮ, ಅಂದರೆ ಮಧ್ಯಮ ದರ್ಜೆಯ ಕ್ಯಾನ್ಸರ್ ಎಂದು ಬರೆದು, ಅದರ ಕೆಳಗೆ ಗಡ್ಡೆಯ ಒಳಗೂ ಅಂಚಿನಲ್ಲೂ ಲಿಂಫೋಸೈಟ್ ಮತ್ತು ಮ್ಯಾಕ್ರೋಫೇಜ್ ಕೋಶಗಳು ಹೇರಳವಾಗಿವೆ, ಹೊಸದಾಗಿ ಹುಟ್ಟಿದ ಸಣ್ಣ ರಕ್ತನಾಳಗಳು ಗಮನಾರ್ಹವಾಗಿವೆ ಎಂದೂ ಬರೆದಿದ್ದಾರೆ.

ಇವು ರೋಗದ ವಿರುದ್ಧ ಹೋರಾಡುವ ಕೋಶಗಳಾದ್ದರಿಂದ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಮನೆಯಲ್ಲಿ ಎಲ್ಲರೂ ಸಮಾಧಾನಪಟ್ಟುಕೊಂಡಿದ್ದಾರೆ. ನನಗೆ ಆ ಧೈರ್ಯ ಬರುತ್ತಿಲ್ಲ. ಹೋರಾಡುವ ಕೋಶಗಳು ಅಷ್ಟೊಂದು ಇದ್ದೂ ಗಂಟು ಬೆಳೆದದ್ದು ಹೇಗೆ? ರಕ್ತನಾಳಗಳ ವಿಷಯವನ್ನು ಅದೇ ಸಾಲಿನಲ್ಲಿ ಏಕೆ ಬರೆದಿದ್ದಾರೆ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಸೂಕ್ಷ್ಮದರ್ಶಿನಿ, ಬೆಳಗಾವಿ

ಲೋಕಾಪುರದ ಅಣ್ಣನವರೇ, ನಾನು ಪಶುವೈದ್ಯಕೀಯ ರೋಗಶಾಸ್ತ್ರ ಓದಿ, ಇಂತಹ ಸ್ಲೈಡುಗಳನ್ನು ನೋಡುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವವಳು. ನೀವು ಕೇಳಿರುವ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಸಿಗುತ್ತದೆ. ಸ್ವಲ್ಪ ದೀರ್ಘವಾದರೂ ತಾಳ್ಮೆಯಿಂದ ಓದಿ.

ಗಡ್ಡೆಯೊಳಗೆ ಎಷ್ಟು ರೋಗನಿರೋಧಕ ಕೋಶಗಳಿವೆ ಎಂಬ ಲೆಕ್ಕವೊಂದರಿಂದಲೇ ಒಳ್ಳೆಯದು ಕೆಟ್ಟದ್ದು ತೀರ್ಮಾನವಾಗುವುದಿಲ್ಲ. ಯಾವ ಬಗೆಯ ಕೋಶ, ಗಡ್ಡೆಯ ಯಾವ ಭಾಗದಲ್ಲಿ, ಅಲ್ಲಿ ಏನು ಮಾಡುತ್ತಿದೆ ಎಂಬ ಮೂರನ್ನೂ ಕೇಳಬೇಕು. ಲಿಂಫೋಸೈಟ್‌ಗಳಲ್ಲಿ ಸಿಡಿ8 ಎಂಬ ಗುರುತು ಹೊತ್ತ ಟಿ ಕೋಶಗಳು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲಬಲ್ಲವು. ಸಿಡಿ4 ಗುರುತಿನ ಕೋಶಗಳಲ್ಲಿ ಹಲವು ಪಂಗಡಗಳಿವೆ. ಅವುಗಳಲ್ಲಿ ನಿಯಂತ್ರಕ ಟಿ ಕೋಶಗಳೆಂಬ ಪಂಗಡವು ಉಳಿದ ಕೋಶಗಳ ಆಕ್ರಮಣವನ್ನು ತಡೆಯುತ್ತದೆ. ದೇಹವು ತನ್ನ ಮೇಲೆಯೇ ಏರಿಹೋಗದಂತೆ ಕಾಯುವುದು ಆ ಪಂಗಡದ ಸಹಜ ಕರ್ತವ್ಯ, ಆದರೆ ಗಡ್ಡೆಯೊಳಗೆ ಅದೇ ಕರ್ತವ್ಯ ಕ್ಯಾನ್ಸರ್‌ಗೆ ರಕ್ಷಣೆಯಾಗಿಬಿಡುತ್ತದೆ. ಬ್ರೆಜಿಲ್ ದೇಶದ ಬೆಲೊ ಹೊರಿಜಾಂಟೆಯ ಸಂಶೋಧಕರು ನಾಯಿಗಳ ಮೊಲೆಗಡ್ಡೆಗಳ ಲಿಂಫೋಸೈಟ್‌ಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ಎಣಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಡಿ8 ಕೋಶಗಳು ಹೆಚ್ಚಿದ್ದ ನಾಯಿಗಳು ಹೆಚ್ಚು ಕಾಲ ಬದುಕಿದವು, ಸಿಡಿ4 ಕೋಶಗಳು ಮೇಲುಗೈ ಪಡೆದಿದ್ದ ನಾಯಿಗಳ ಸ್ಥಿತಿ ಹದಗೆಟ್ಟಿತು. ನಿಮ್ಮ ವರದಿಯಲ್ಲಿ ಲಿಂಫೋಸೈಟ್ ಎಂದಷ್ಟೇ ಇದೆ, ಏಕೆಂದರೆ ಸಾಮಾನ್ಯ ಬಣ್ಣ ಹಾಕಿದ ಸ್ಲೈಡಿನಲ್ಲಿ ಇವೆಲ್ಲವೂ ಕಡುನೀಲಿ ಬಣ್ಣದ ಪುಟ್ಟ ದುಂಡು ಕೋಶಗಳಾಗಿ ಒಂದೇ ರೀತಿ ಕಾಣುತ್ತವೆ. ಬೇರ್ಪಡಿಸಿ ನೋಡಲು ಪ್ರತಿಕಾಯ ಬಳಸುವ ವಿಶೇಷ ಪರೀಕ್ಷೆ ಬೇಕು.

ಇನ್ನು ಮ್ಯಾಕ್ರೋಫೇಜ್. ನಿಮ್ಮ ಎರಡನೆಯ ಪ್ರಶ್ನೆಗೆ ಕೊಂಡಿ ಇಲ್ಲಿಯೇ ಇದೆ. ಗಾಯವಾದಾಗ ಈ ಕೋಶಗಳು ಅಲ್ಲಿಗೆ ಬಂದು ಮೊದಲು ಸೂಕ್ಷ್ಮಾಣುಗಳನ್ನೂ ಸತ್ತ ಅಂಗಾಂಶವನ್ನೂ ನುಂಗಿ ಚೊಕ್ಕಟ ಮಾಡುತ್ತವೆ. ಆ ಕೆಲಸ ಮುಗಿದ ಮೇಲೆ ಅವುಗಳ ವರ್ತನೆ ಬದಲಾಗಿ, ದುರಸ್ತಿಗೆ ನಿಲ್ಲುತ್ತವೆ. ಹೊಸ ರಕ್ತನಾಳ ಹುಟ್ಟಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ, ಸುತ್ತಲಿನ ಉರಿಯೂತವನ್ನು ತಗ್ಗಿಸುತ್ತವೆ. ಗಾಯ ಮಾಯ್ದ ಮೇಲೆ ಈ ದುರಸ್ತಿ ನಿಲ್ಲುತ್ತದೆ. ಗಡ್ಡೆಯಲ್ಲಿ ಅದು ನಿಲ್ಲುವುದಿಲ್ಲ. ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೋರಾಕ್ 1986ರಲ್ಲಿ ಗಡ್ಡೆಯನ್ನು ಮಾಯದ ಗಾಯ ಎಂದು ವಿವರಿಸಿದ್ದು ಈ ಅರ್ಥದಲ್ಲಿಯೇ. ಕ್ಯಾನ್ಸರ್ ಕೋಶಗಳು ಸ್ರವಿಸುವ ಸಂಕೇತಗಳಿಗೆ ರಕ್ತದಲ್ಲಿರುವ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳು ಓಗೊಟ್ಟು ಗಡ್ಡೆಯೊಳಗೆ ಬರುತ್ತವೆ, ಅಲ್ಲಿ ಮ್ಯಾಕ್ರೋಫೇಜ್‌ಗಳಾಗಿ ಮಾರ್ಪಟ್ಟು ಆಮ್ಲಜನಕ ಕಡಿಮೆಯಿರುವ ಜಾಗಗಳಲ್ಲಿ ಸೇರಿಕೊಳ್ಳುತ್ತವೆ, ಮತ್ತು ಅಲ್ಲಿಂದ ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಈ ಪ್ರೋಟೀನು ಹತ್ತಿರದ ರಕ್ತನಾಳದ ಒಳಪದರದ ಕೋಶಗಳನ್ನು ಪ್ರಚೋದಿಸಿ ಹೊಸ ಕವಲು ಒಡೆಯುವಂತೆ ಮಾಡುತ್ತದೆ. ಕವಲು ಮುಂದೆ ಸಾಗಲು ಅಡ್ಡವಾಗಿರುವ ನಾರಿನ ಜಾಲವನ್ನು ಕರಗಿಸುವ ಕಿಣ್ವಗಳನ್ನೂ ಇದೇ ಮ್ಯಾಕ್ರೋಫೇಜ್‌ಗಳು ಒದಗಿಸುತ್ತವೆ.

ಆದ್ದರಿಂದಲೇ ಆ ಎರಡು ಸಂಗತಿಗಳು ಒಂದೇ ಸಾಲಿನಲ್ಲಿ ಬಂದಿವೆ. ಪೋರ್ಚುಗಲ್‌ನ ವಿಲಾ ರಿಯಲ್ ವಿಶ್ವವಿದ್ಯಾಲಯದ ತಂಡವು ನಾಯಿಗಳ ಮೊಲೆಗಡ್ಡೆಗಳ ಮೇಲೆ ಹಲವು ವರ್ಷ ನಡೆಸಿದ ಅಧ್ಯಯನಗಳಲ್ಲಿ ಮ್ಯಾಕ್ರೋಫೇಜ್‌ಗಳು ಹೆಚ್ಚಿದ್ದ ಗಡ್ಡೆಗಳಲ್ಲಿ ವಿಇಜಿಎಫ್ ಕೂಡ ಹೆಚ್ಚಿತ್ತು, ಮತ್ತು ಅಂತಹ ನಾಯಿಗಳ ಆಯಸ್ಸು ಕಡಿಮೆಯಿತ್ತು. ಟಿ ಕೋಶಗಳು ಗಡ್ಡೆಯ ಒಳಭಾಗದಲ್ಲಿ ಹೆಚ್ಚಾಗಿದ್ದು ಜೊತೆಗೆ ರಕ್ತನಾಳಗಳೂ ಹೆಚ್ಚಾಗಿದ್ದಾಗಲೂ ರೋಗ ಉಗ್ರವಾಗಿರುವುದನ್ನು ಅದೇ ತಂಡ ಗುರುತಿಸಿತು.

ವಿದ್ಯಾಗಿರಿ ಮಾಸ್ತರ, ಬಾಗಲಕೋಟೆ

ಮೇಡಂ ಅವರ ವಿವರಣೆಗೆ ಜೀವಶಾಸ್ತ್ರದ ಉಪನ್ಯಾಸಕನಾಗಿ ನಾನು ಸ್ವಲ್ಪ ಹಿನ್ನೆಲೆಯನ್ನು ಸೇರಿಸಬಯಸುತ್ತೇನೆ. ರಕ್ತನಾಳ ಇಲ್ಲದಿದ್ದರೆ ಗಡ್ಡೆಗೆ ಏನಾಗುತ್ತದೆ ಎಂಬುದು ಗೊತ್ತಾದರೆ ಈ ಸಂಗತಿಯ ತೂಕ ಅರ್ಥವಾಗುತ್ತದೆ.

ಆಮ್ಲಜನಕವು ರಕ್ತನಾಳದಿಂದ ಹೊರಬಂದು ಅಂಗಾಂಶದೊಳಗೆ ಹರಡಬಲ್ಲ ದೂರ ಸುಮಾರು 100ರಿಂದ 200 ಮೈಕ್ರಾನ್ ಮಾತ್ರ, ಅಂದರೆ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಅದರಾಚೆಯ ಕೋಶ ಬದುಕುವುದಿಲ್ಲ. ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ, ಗಡ್ಡೆಯು ಒಂದೆರಡು ಮಿಲಿಮೀಟರ್ ಗಾತ್ರವನ್ನು ಮೀರಬೇಕಾದರೆ ತನಗಾಗಿ ಹೊಸ ರಕ್ತನಾಳಗಳನ್ನು ಬರಿಸಿಕೊಳ್ಳಲೇಬೇಕು ಎಂದು ಪ್ರತಿಪಾದಿಸಿದರು. ಆಗ ಅದನ್ನು ನಂಬಿದವರು ಕಡಿಮೆ. ಅವರ ಪ್ರಯೋಗಾಲಯದಲ್ಲಿ ಮೊಲದ ಕಣ್ಣಿನ ಪಾರದರ್ಶಕ ಪಟಲದಲ್ಲಿ ಗಡ್ಡೆಯ ಚೂರನ್ನು ಇಟ್ಟಾಗ, ಸಹಜವಾಗಿ ರಕ್ತನಾಳವೇ ಇಲ್ಲದ ಆ ಜಾಗದೊಳಕ್ಕೆ ಅಂಚಿನಿಂದ ನಾಳಗಳು ಗಡ್ಡೆಯ ದಿಕ್ಕಿನಲ್ಲಿ ಬೆಳೆದುಬಂದವು. ಅವು ಬಂದು ಮುಟ್ಟುವವರೆಗೆ ಪುಟ್ಟದಾಗಿದ್ದ ಗಡ್ಡೆ ಮುಟ್ಟಿದ ಮೇಲೆ ಭರದಿಂದ ಬೆಳೆಯಿತು. ಕಣ್ಣೆದುರಿಗೇ ನಡೆದ ಆ ಪ್ರಯೋಗವನ್ನು ಓದಿದಾಗಲೆಲ್ಲ ನನಗೆ ಅಪಾರ ಗೌರವ ಹುಟ್ಟುತ್ತದೆ.

ಆಮೇಲೆ 1983ರಲ್ಲಿ ಡ್ವೋರಾಕ್ ಅವರ ತಂಡ ರಕ್ತನಾಳವನ್ನು ಸೋರುವಂತೆ ಮಾಡುವ ಒಂದು ಪ್ರೋಟೀನನ್ನು ಗಡ್ಡೆಗಳಲ್ಲಿ ಕಂಡುಹಿಡಿಯಿತು. 1989ರಲ್ಲಿ ನೆಪೋಲಿಯೋನ್ ಫೆರಾರಾ ಅವರ ತಂಡ ರಕ್ತನಾಳ ಬೆಳೆಸುವ ಪ್ರೋಟೀನನ್ನು ಶುದ್ಧೀಕರಿಸಿ ವಿಇಜಿಎಫ್ ಎಂದು ಹೆಸರಿಟ್ಟಿತು. ಎರಡೂ ಒಂದೇ ಪ್ರೋಟೀನು ಎಂದು ತಿಳಿದುಬಂತು. ಅಂದರೆ ನಾಳವನ್ನು ಬೆಳೆಸುವ ವಸ್ತುವೇ ನಾಳವನ್ನು ಸೋರುವಂತೆಯೂ ಮಾಡುತ್ತದೆ. ಈ ಕಾರಣದಿಂದ ಗಡ್ಡೆಯ ರಕ್ತನಾಳಗಳು ಎಷ್ಟೇ ಹೆಚ್ಚಿದ್ದರೂ ಅವುಗಳಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ, ಮತ್ತೆ ಆಮ್ಲಜನಕದ ಕೊರತೆಯಾಗುತ್ತದೆ, ಕೊರತೆಯನ್ನು ಗ್ರಹಿಸಿದ ಕೋಶಗಳು ಮತ್ತಷ್ಟು ವಿಇಜಿಎಫ್ ತಯಾರಿಸುತ್ತವೆ. ಕೋಶಗಳು ಆಮ್ಲಜನಕದ ಕೊರತೆಯನ್ನು ಗ್ರಹಿಸುವ ಬಗೆಯನ್ನು ಬಿಡಿಸಿದ್ದಕ್ಕಾಗಿ ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆಂಜಾ ಅವರಿಗೆ 2019ರ ನೊಬೆಲ್ ಪ್ರಶಸ್ತಿ ಬಂತು.

ಸಿಂದಗಿಯ ಪಶುವೈದ್ಯ, ವಿಜಯಪುರ ಜಿಲ್ಲೆ

ಮೇಲಿನ ಇಬ್ಬರೂ ಬರೆದದ್ದು ಸರಿಯಾಗಿದೆ. ಆದರೂ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ನಾಯಿಯ ಮಾಲೀಕರು ಮ್ಯಾಕ್ರೋಫೇಜ್ ಮತ್ತು ಸಿಡಿ8 ಎಂಬುದರಲ್ಲಿಯೇ ಮನಸ್ಸಿಟ್ಟರೆ, ಇವತ್ತು ಚಿಕಿತ್ಸೆಯನ್ನು ನಿರ್ಧರಿಸುವ ಸಂಗತಿಗಳು ಹಿಂದೆ ಬೀಳುತ್ತವೆ. ಆ ಸಂಗತಿಗಳು ಬೇರೆಯೇ ಇವೆ. ಗಡ್ಡೆ 3 ಸೆಂ.ಮೀ.ಗಿಂತ ಚಿಕ್ಕದಾಗಿತ್ತೇ, 3ರಿಂದ 5ರ ನಡುವೆ ಇತ್ತೇ, 5ನ್ನು ಮೀರಿತ್ತೇ? ತೆಗೆದ ಗಡ್ಡೆಯ ಅಂಚುಗಳಲ್ಲಿ ಕ್ಯಾನ್ಸರ್ ಕೋಶ ಉಳಿದಿದೆಯೇ? ತೊಡೆಸಂದಿಯ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡಿದೆಯೇ? ಶ್ವಾಸಕೋಶದ ಎಕ್ಸ್‌ರೇ ಶುದ್ಧವಾಗಿದೆಯೇ? ನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆಗಳಿದ್ದು, ಹಿಂದಿನ ಎರಡು ಜೊತೆಗಳಲ್ಲಿ ಗ್ರಂಥಿಯ ಅಂಗಾಂಶ ಹೆಚ್ಚಿರುವುದರಿಂದ ಗಡ್ಡೆಗಳೂ ಅಲ್ಲಿಯೇ ಹೆಚ್ಚು ಏಳುತ್ತವೆ. ಅಲ್ಲಿಂದ ಹರಡುವ ಮೊದಲ ಜಾಗ ತೊಡೆಸಂದಿಯ ಗ್ರಂಥಿ, ಆಮೇಲೆ ಶ್ವಾಸಕೋಶ.

ಲೋಕಾಪುರದವರೇ, ನಿಮ್ಮ ನಾಯಿಯ ಎದೆಯ ಎಕ್ಸ್‌ರೇ ತೆಗೆಸಿದ್ದೀರಾ? ಎಡ ಮಗ್ಗುಲು, ಬಲ ಮಗ್ಗುಲು ಮತ್ತು ನೇರ ಭಂಗಿ, ಹೀಗೆ ಮೂರು ಕೋನಗಳಲ್ಲಿ ತೆಗೆಯಬೇಕು. ಒಂದೇ ಭಂಗಿಯಲ್ಲಿ ತೆಗೆದರೆ ಕೆಳಗೆ ಒತ್ತಲ್ಪಟ್ಟ ಶ್ವಾಸಕೋಶದ ಗಂಟುಗಳು ಮರೆಯಾಗುತ್ತವೆ.

ಸೂಕ್ಷ್ಮದರ್ಶಿನಿ, ಬೆಳಗಾವಿ

ಸಿಂದಗಿ ಡಾಕ್ಟರರು ಹೇಳಿದ ಕ್ರಮವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಗಾತ್ರ, ಅಂಚು, ದುಗ್ಧಗ್ರಂಥಿ, ಶ್ವಾಸಕೋಶ, ಇವುಗಳ ನಂತರವೇ ಉಳಿದದ್ದು. ಆದರೆ ಮಾಲೀಕರು ಕೋಶಗಳ ವಿಷಯ ತಿಳಿಯಬೇಕಾಗಿಲ್ಲ ಎಂಬ ಮಾತನ್ನು ಒಪ್ಪಲಾರೆ. ಹೋರಾಡುವ ಕೋಶಗಳು ತುಂಬಿವೆ ಎಂಬ ಸಮಾಧಾನದಲ್ಲಿ ಎಕ್ಸ್‌ರೇಯನ್ನೂ ಮರುಪರೀಕ್ಷೆಯನ್ನೂ ಕೈಬಿಟ್ಟವರನ್ನು ನಾನು ಕಂಡಿದ್ದೇನೆ. ಅರ್ಧ ತಿಳಿವಳಿಕೆಯಿಂದ ಹುಟ್ಟುವ ಸಮಾಧಾನವನ್ನು ಪೂರ್ತಿ ತಿಳಿವಳಿಕೆಯಿಂದಲೇ ಸರಿಪಡಿಸಬೇಕು.

ಸ್ಲೈಡಿನಲ್ಲಿ ನಾವು ನೋಡುವುದನ್ನು ಇಲ್ಲಿ ಒಂದಿಷ್ಟು ವರ್ಣಿಸುತ್ತೇನೆ. ಕಡಿಮೆ ವರ್ಧನೆಯಲ್ಲಿ ಇಡೀ ಕತ್ತರಿಕೆಯನ್ನು ಒಮ್ಮೆ ನೋಡಿ, ನಾಳಗಳು ದಟ್ಟವಾಗಿರುವ ಜಾಗವನ್ನು ಆರಿಸಿಕೊಂಡು, ಆಮೇಲೆ 400 ಪಟ್ಟು ವರ್ಧನೆಗೆ ಹೋಗುತ್ತೇವೆ. ಅಲ್ಲಿ ಕ್ಯಾನ್ಸರ್ ಕೋಶಗಳ ಗುಂಪುಗಳ ನಡುವೆ ತಿಳಿಗುಲಾಬಿ ನಾರಿನ ಪಟ್ಟಿಗಳಿರುತ್ತವೆ. ಆ ಪಟ್ಟಿಯೊಳಗೆ ಒಂದೇ ಸಾಲು ಕೆಂಪು ರಕ್ತಕಣ ಹಿಡಿಯುವಷ್ಟು ಸಪೂರವಾದ ನಾಳಗಳು ಕಾಣುತ್ತವೆ. ಕೆಲವು ಎಲ್ಲೋ ಆರಂಭವಾಗಿ ಎಲ್ಲೋ ಕುರುಡಾಗಿ ನಿಂತಿರುತ್ತವೆ, ಕೆಲವು ಅಗಲವಾಗಿ ಬಾಯ್ದೆರೆದು ಸುತ್ತಲೂ ರಕ್ತಕಣ ಚೆಲ್ಲಿಕೊಂಡಿರುತ್ತವೆ. ಹೀಗೆ ಚೆಲ್ಲಿದ ರಕ್ತವನ್ನು ನುಂಗಿದ ಮ್ಯಾಕ್ರೋಫೇಜ್‌ಗಳ ಹೊಟ್ಟೆಯಲ್ಲಿ ಕಬ್ಬಿಣದ ಕಂದು ಕಣಗಳು ಉಳಿದಿರುತ್ತವೆ. ಟೊಲುಯಿಡಿನ್ ನೀಲಿ ಬಣ್ಣ ಹಾಕಿದರೆ ಅದೇ ನಾಳಗಳ ಪಕ್ಕದಲ್ಲಿ ನೇರಳೆ ಕಣಗಳು ತುಂಬಿದ ಮಾಸ್ಟ್ ಕೋಶಗಳೆಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳೂ ಎದ್ದು ಕಾಣುತ್ತವೆ. ಅವುಗಳ ಕಣಗಳಲ್ಲಿರುವ ಹೆಪಾರಿನ್ ಮತ್ತು ಟ್ರಿಪ್ಟೇಸ್ ಕೂಡ ನಾಳಗಳ ಬೆಳವಣಿಗೆಗೆ ನೆರವಾಗುವ ವಸ್ತುಗಳೇ. ನಾಳಗಳನ್ನು ಖಚಿತವಾಗಿ ಎಣಿಸಬೇಕಾದಾಗ ಸಿಡಿ31 ಅಥವಾ ಫ್ಯಾಕ್ಟರ್ 8 ಎಂಬ ಗುರುತನ್ನು ಬಳಸಿ ಒಳಪದರದ ಕೋಶಗಳಿಗೆ ಕಂದು ಬಣ್ಣ ಬರಿಸುತ್ತೇವೆ.

ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಿ. ಗಡ್ಡೆಯಲ್ಲಿ ಹೊಸ ನಾಳಗಳು ಹುಟ್ಟಿರುವುದು ಒಂದು ಸಂಗತಿ. ಕ್ಯಾನ್ಸರ್ ಕೋಶಗಳು ರಕ್ತನಾಳ ಅಥವಾ ದುಗ್ಧನಾಳದ (ಲಿಂಫ್ ಹರಿಯುವ ನಾಳ) ಒಳಗೆ ನುಗ್ಗಿರುವುದು ಇನ್ನೊಂದು. ಎರಡನೆಯದು ಹೆಚ್ಚು ಗಂಭೀರ. ನಿಮ್ಮ ವರದಿಯಲ್ಲಿ ನಾಳದೊಳಗೆ ಕ್ಯಾನ್ಸರ್ ಕೋಶ ಕಂಡಿದೆಯೇ ಇಲ್ಲವೇ ಎಂಬ ಸಾಲು ಇರಬೇಕು. ಇಲ್ಲದಿದ್ದರೆ ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿ. ಇದನ್ನು ಕೇಳುವುದು ನಿಮ್ಮ ಹಕ್ಕು.

ಲೋಕಾಪುರದ ಸಾಕಣೆದಾರ

ಮೇಡಂ, ಡಾಕ್ಟರರೇ, ಮಾಸ್ತರರೇ, ಇಷ್ಟು ಕಾಳಜಿಯಿಂದ ಬರೆದದ್ದಕ್ಕೆ ಮನಸ್ಸು ತುಂಬಿ ಬಂತು. ವರದಿಯನ್ನು ಮತ್ತೆ ತೆಗೆದು ನೋಡಿದೆ. ಗಡ್ಡೆಯ ಗಾತ್ರ 3.5 ಸೆಂ.ಮೀ., ಅಂಚುಗಳಲ್ಲಿ ಕ್ಯಾನ್ಸರ್ ಕೋಶ ಇಲ್ಲ, ನಾಳದೊಳಗೆ ಕೋಶಗಳು ಕಂಡುಬಂದಿಲ್ಲ ಎಂದಿದೆ. ದುಗ್ಧಗ್ರಂಥಿಯನ್ನು ಕಳುಹಿಸಿರಲಿಲ್ಲ. ಎಕ್ಸ್‌ರೇ ಆಗಿಲ್ಲ, ಈ ವಾರವೇ ಮಾಡಿಸುತ್ತೇನೆ.

ಇನ್ನೊಂದು ಪ್ರಶ್ನೆ. ನಮ್ಮ ಊರಿನ ಅಂಗಡಿಯಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸುವ ಟಾನಿಕ್ ಮತ್ತು ಪುಡಿಗಳನ್ನು ಕೊಡುತ್ತಿದ್ದಾರೆ. ಅವುಗಳನ್ನು ಹಾಕಿದರೆ ಗಡ್ಡೆ ಮರುಕಳಿಸುವುದನ್ನು ತಡೆಯಬಹುದೇ?

ಸೂಕ್ಷ್ಮದರ್ಶಿನಿ, ಬೆಳಗಾವಿ

ಅಂಚು ಶುದ್ಧವಾಗಿದೆ, ನಾಳದೊಳಗೆ ಕೋಶಗಳಿಲ್ಲ ಎಂಬ ಎರಡೂ ನಿಜವಾಗಿ ಸಮಾಧಾನ ತರುವ ಸಂಗತಿಗಳು. ನಿಮ್ಮ ಮನೆಯವರಿಗೆ ಇವನ್ನು ಹೇಳಿ.

ಟಾನಿಕ್ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟವಾಗಿದೆ: ಅದಕ್ಕೆ ಹಣ ಹಾಕಬೇಡಿ, ಆ ಹಣ ಎಕ್ಸ್‌ರೇಗೆ ಇರಲಿ. ನಿಮ್ಮ ನಾಯಿಯ ಗಡ್ಡೆಯಲ್ಲಿ ರೋಗನಿರೋಧಕ ಕೋಶಗಳ ಕೊರತೆ ಇರಲಿಲ್ಲ, ಅವು ಹೇರಳವಾಗಿದ್ದವು. ಅಲ್ಲಿಗೆ ಬಂದ ಕೋಶಗಳನ್ನು ಗಡ್ಡೆಯ ಪರಿಸರ ತನ್ನ ಕೆಲಸಕ್ಕೆ ಹಚ್ಚಿತ್ತು. ವಿಇಜಿಎಫ್‌ಗೆ ಇನ್ನೊಂದು ಗುಣವೂ ಇದೆ: ಕ್ಯಾನ್ಸರ್ ಕೋಶದ ಗುರುತನ್ನು ಟಿ ಕೋಶಗಳಿಗೆ ತೋರಿಸಿಕೊಡುವ ಡೆಂಡ್ರಿಟಿಕ್ ಕೋಶಗಳು ಬಲಿಯದಂತೆ ಅದು ತಡೆಯುತ್ತದೆ. ಜೊತೆಗೆ ಗಡ್ಡೆಯ ನಾಳಗಳ ಒಳಪದರವು ಟಿ ಕೋಶಗಳು ಹಿಡಿದುಕೊಂಡು ಒಳನುಗ್ಗಲು ಬೇಕಾದ ಅಂಟುವ ಅಣುಗಳನ್ನು ಕಡಿಮೆ ತೋರಿಸುತ್ತದೆ. ಹೀಗಾಗಿ ನಾಳ ಬೆಳೆಸುವ ವ್ಯವಸ್ಥೆ ಮತ್ತು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವ್ಯವಸ್ಥೆ ಒಂದಕ್ಕೊಂದು ಆಸರೆಯಾಗಿ ನಿಲ್ಲುತ್ತವೆ. ಇದನ್ನು ಯಾವ ಪುಡಿಯೂ ಬಿಡಿಸಲಾರದು.

ಗೋಕಾಕದ ಸಿಸ್ಟರ್

ನಾನು ಮನುಷ್ಯರ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿ ಕೆಲವು ರೋಗಿಗಳಿಗೆ ಬೆವಾಸಿಜುಮ್ಯಾಬ್ ಎಂಬ ಔಷಧವನ್ನು ಡ್ರಿಪ್ ಮೂಲಕ ಕೊಡುತ್ತಾರೆ. ಅದು ವಿಇಜಿಎಫ್ ಅನ್ನು ಹಿಡಿದುಹಾಕಿ ಗಡ್ಡೆಯ ರಕ್ತ ಪೂರೈಕೆಯನ್ನು ತಡೆಯುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ನಾಯಿಗಳಿಗೂ ಅಂತಹ ಔಷಧ ಕೊಡಬಹುದಲ್ಲವೇ, ಮೇಡಂ?

ಸೂಕ್ಷ್ಮದರ್ಶಿನಿ, ಬೆಳಗಾವಿ

ಸಿಸ್ಟರ್, ತುಂಬಾ ಯೋಗ್ಯವಾದ ಪ್ರಶ್ನೆ. ಬೆವಾಸಿಜುಮ್ಯಾಬ್‌ಗೆ ಅಮೆರಿಕದಲ್ಲಿ 2004ರಲ್ಲಿ ದೊಡ್ಡಕರುಳಿನ ಕ್ಯಾನ್ಸರ್‌ಗಾಗಿ ಮೊದಲ ಅನುಮೋದನೆ ಸಿಕ್ಕಿತು. 2008ರಲ್ಲಿ ಸ್ತನ ಕ್ಯಾನ್ಸರ್‌ಗೂ ಅನುಮೋದಿಸಿದರು, ಆದರೆ ರೋಗಿಗಳ ಆಯಸ್ಸು ಹೆಚ್ಚಾಗುವುದು ಸಾಬೀತಾಗದೆ 2011ರಲ್ಲಿ ಆ ಅನುಮೋದನೆಯನ್ನು ಹಿಂತೆಗೆದುಕೊಂಡರು. ಒಂದು ದಾರಿಯನ್ನು ಮುಚ್ಚಿದರೆ ಗಡ್ಡೆಯು ನಾಳ ಬೆಳೆಸುವ ಬೇರೆ ಪ್ರೋಟೀನುಗಳ ಮೊರೆಹೋಗುತ್ತದೆ, ಮತ್ತು ಆಮ್ಲಜನಕದ ಕೊರತೆ ಹೆಚ್ಚಿದಷ್ಟೂ ಮ್ಯಾಕ್ರೋಫೇಜ್‌ಗಳು ಮತ್ತೆ ಮತ್ತೆ ಅಲ್ಲಿಗೆ ಬಂದು ಸೇರುತ್ತವೆ. ರಕ್ತನಾಳದ ವಿಷಯವನ್ನು ರೋಗನಿರೋಧಕ ಕೋಶಗಳಿಂದ ಬೇರ್ಪಡಿಸಿ ನೋಡಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ನಾಯಿಗಳಿಗೆಂದೇ ತಯಾರಾದ ಟೊಸೆರಾನಿಬ್ ಎಂಬ ಮಾತ್ರೆಗೆ 2009ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಅದು ಕೋಶದ ಮೇಲೆ ವಿಇಜಿಎಫ್ ಬಂದು ಕೂರುವ ಗ್ರಾಹಿಯನ್ನು ತಡೆಯುವ ಗುಣವನ್ನೂ ಹೊಂದಿದೆ. ಆದರೆ ಅನುಮೋದನೆ ಇರುವುದು ಚರ್ಮದ ಮಾಸ್ಟ್ ಕೋಶದ ಗಡ್ಡೆಗೆ, ಮೊಲೆಗಡ್ಡೆಗೆ ಅಲ್ಲ. ಮೊಲೆಗಡ್ಡೆಗೆ ಇವತ್ತಿಗೂ ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ. ಕಾಕ್ಸ್-2 ಎಂಬ ಕಿಣ್ವವು ಉಗ್ರವಾದ ಮೊಲೆಗಡ್ಡೆಗಳಲ್ಲಿ ಹೆಚ್ಚಾಗಿರುತ್ತದೆ, ಅದರಿಂದ ಹುಟ್ಟುವ ಪ್ರೋಸ್ಟಗ್ಲಾಂಡಿನ್ ಕೂಡ ರಕ್ತನಾಳಗಳನ್ನು ಬೆಳೆಸುತ್ತದೆ. ಆದ್ದರಿಂದ ಆ ಕಿಣ್ವವನ್ನು ತಡೆಯುವ ನೋವಿನ ಔಷಧಗಳನ್ನು ಕೆಲವು ನಾಯಿಗಳಿಗೆ ವೈದ್ಯರು ಕೊಡುತ್ತಾರೆ. ಇದನ್ನು ಓದಿ ಯಾರೂ ಮನೆಯಲ್ಲಿರುವ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ನಾಯಿಗೆ ಹಾಕಬಾರದು. ಅವುಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ಮುಧೋಳದ ನಾಯಿಪ್ರೇಮಿ

ನಮ್ಮ ಮನೆತನದಲ್ಲಿ ಮೊದಲಿನಿಂದಲೂ ಬೇಟೆನಾಯಿ ಸಾಕುತ್ತ ಬಂದಿದ್ದೇವೆ. ಈ ಭಾಗದ ಎಷ್ಟೋ ಕುಟುಂಬಗಳಿಗೆ ಮರಿಗಳ ಮಾರಾಟವೂ ಒಂದು ಆದಾಯ. ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ, 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿಯನ್ನೂ ಹೊರತಂದಿತು. ಇಂತಹ ತಳಿಯ ಹೆಣ್ಣು ನಾಯಿಗಳಿಗೆಲ್ಲ ಚಿಕ್ಕ ವಯಸ್ಸಿನಲ್ಲಿಯೇ ಸಂತಾನಹರಣ ಮಾಡಿಸಿ ಎಂದರೆ ತಳಿ ಉಳಿಯುವುದು ಹೇಗೆ? ಮೊಲೆಗಡ್ಡೆ ಬರುವುದನ್ನು ತಡೆಯಲು ಅದೊಂದೇ ದಾರಿಯೇ, ಡಾಕ್ಟರರೇ?

ಸಿಂದಗಿಯ ಪಶುವೈದ್ಯ

ನಿಮ್ಮ ಪ್ರಶ್ನೆಯ ಹಿಂದಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಅಮೆರಿಕದಲ್ಲಿ 1969ರಲ್ಲಿ ಪ್ರಕಟವಾದ ಅಧ್ಯಯನದ ಅಂಕಿಗಳನ್ನು ಎಲ್ಲ ಪಶುವೈದ್ಯರೂ ಹೇಳುತ್ತಾರೆ. ಸಂತಾನಹರಣ ಮಾಡಿಸದ ನಾಯಿಗೆ ಇರುವ ಅಪಾಯವನ್ನು ನೂರು ಎಂದು ಹಿಡಿದರೆ, ಮೊದಲ ಬೆದೆಗೆ ಮುಂಚೆ ಮಾಡಿಸಿದ ನಾಯಿಗೆ ಅದು 0.5, ಒಂದು ಬೆದೆಯ ನಂತರ 8, ಎರಡು ಅಥವಾ ಹೆಚ್ಚು ಬೆದೆಗಳ ನಂತರ 26. ಬ್ರಿಟನ್ನಿನ ಸಂಶೋಧಕರು 2012ರಲ್ಲಿ ಈ ಬಗೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಪುರಾವೆಗಳು ನಾವು ಅಂದುಕೊಂಡಷ್ಟು ಗಟ್ಟಿಯಾಗಿಲ್ಲ ಎಂದು ಹೇಳಿದ್ದಾರೆ. ಆದರೂ ಅಂಡಾಶಯದ ಹಾರ್ಮೋನುಗಳಿಗೂ ಮೊಲೆಗಡ್ಡೆಗೂ ನಂಟಿದೆ ಎಂಬುದರಲ್ಲಿ ಸಂದೇಹವಿಲ್ಲ.

ಮರಿ ಮಾಡಿಸುವ ನಾಯಿಗಳ ವಿಷಯದಲ್ಲಿ ನಾನು ಹೇಳುವುದು ಇಷ್ಟು. ಅದರ ಕೊನೆಯ ಸೂಲು ಮುಗಿದ ಮೇಲೆ ಸಂತಾನಹರಣ ಮಾಡಿಸಿ. ಆ ಹೊತ್ತಿಗೆ ಮೊಲೆಗಡ್ಡೆಯ ಅಪಾಯ ಹೆಚ್ಚೇನೂ ಇಳಿಯದಿದ್ದರೂ ವಯಸ್ಸಾದ ಹೆಣ್ಣು ನಾಯಿಗಳ ಪ್ರಾಣ ತೆಗೆಯುವ ಗರ್ಭಕೋಶದ ಕೀವು ಬರುವುದಿಲ್ಲ. ಬೆದೆ ಬಾರದಂತೆ ತಡೆಯಲು ಕೊಡುವ ಪ್ರೊಜೆಸ್ಟಿನ್ ಎಂಬ ಹಾರ್ಮೋನಿನ ಚುಚ್ಚುಮದ್ದನ್ನು ದಯವಿಟ್ಟು ಹಾಕಿಸಬೇಡಿ. ಆ ಔಷಧವು ನಾಯಿಯ ಮೊಲೆಯ ಗ್ರಂಥಿಯಲ್ಲಿಯೇ ಬೆಳವಣಿಗೆಯ ಹಾರ್ಮೋನು ತಯಾರಾಗುವಂತೆ ಮಾಡಿ ಗಂಟುಗಳಿಗೆ ದಾರಿ ಮಾಡಿಕೊಡುತ್ತದೆ. ಇನ್ನು ತಿಂಗಳಿಗೊಮ್ಮೆ ನಾಯಿಯನ್ನು ಅಂಗಾತ ಮಲಗಿಸಿ, ಹತ್ತೂ ಮೊಲೆಗಳನ್ನು ಬೆರಳ ತುದಿಯಿಂದ ಒತ್ತಿ ನೋಡಿ. ಮುಧೋಳ ನಾಯಿಗೆ ಮೈಮೇಲೆ ಕೊಬ್ಬು ಕಡಿಮೆ, ಕೂದಲು ಗಿಡ್ಡ. ಆದ್ದರಿಂದ ಸಣ್ಣ ಗಂಟೂ ಕೈಗೆ ಸಿಗುತ್ತದೆ. ಸಿಕ್ಕ ದಿನವೇ ವೈದ್ಯರಿಗೆ ತೋರಿಸಿ, ಬೆಳೆಯುತ್ತದೋ ನೋಡೋಣ ಎಂದು ಕಾಯಬೇಡಿ. ಸಂತಾನಹರಣವಾಗದ ನಾಯಿಗಳ ಮೊಲೆಗಂಟುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ, ಮತ್ತು ಯಾವುದು ಕ್ಯಾನ್ಸರ್ ಎಂದು ಕೈಯಿಂದ ಮುಟ್ಟಿ ಹೇಳಲಾಗದು.

ಒಂದು ಅಪವಾದವಿದೆ. ಒಂದಕ್ಕಿಂತ ಹೆಚ್ಚು ಮೊಲೆಗಳು ಒಮ್ಮೆಲೇ ಊದಿಕೊಂಡು, ಚರ್ಮ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನಾಯಿ ಚೀರುವಂತಿದ್ದರೆ ಅದನ್ನು ಮೊಲೆಬಾವು ಎಂದು ತಿಳಿದು ಪ್ರತಿಜೈವಿಕ ಕೊಡುತ್ತ ಕೂರಬಾರದು. ಮರಿಗಳಿಗೆ ಹಾಲುಣಿಸದ ವಯಸ್ಸಾದ ನಾಯಿಯಲ್ಲಿ ಅದು ಉರಿಯೂತದ ಕಾರ್ಸಿನೋಮ ಆಗಿರಬಹುದು. ಅದರಲ್ಲಿ ಕ್ಯಾನ್ಸರ್ ಕೋಶಗಳು ಚರ್ಮದ ದುಗ್ಧನಾಳಗಳನ್ನು ತುಂಬಿಕೊಂಡಿರುತ್ತವೆ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಾಗುವುದಿಲ್ಲ.

ಮುಧೋಳದ ನಾಯಿಪ್ರೇಮಿ

ಚುಚ್ಚುಮದ್ದಿನ ವಿಷಯ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ಸುತ್ತಲಿನ ಸಾಕಣೆದಾರರೆಲ್ಲರಿಗೂ ತಿಳಿಸುತ್ತೇನೆ. ಕೊನೆಯ ಸೂಲಿನ ನಂತರ ಸಂತಾನಹರಣ ಮಾಡಿಸಿ ಎಂಬ ಸಲಹೆಯನ್ನು ತಳಿ ಉಳಿಸುವವರೂ ಒಪ್ಪಬಹುದು.

ಲೋಕಾಪುರದ ಸಾಕಣೆದಾರ

ಎಕ್ಸ್‌ರೇ ಆಯಿತು. ಮೂರೂ ಕೋನಗಳಲ್ಲಿ ತೆಗೆದರು, ಶ್ವಾಸಕೋಶದಲ್ಲಿ ಗಂಟು ಕಾಣುತ್ತಿಲ್ಲ ಎಂದರು. ಆದರೆ ಸಿಂದಗಿ ಡಾಕ್ಟರರು ಹೇಳಿದಂತೆ ಎಲ್ಲ ಮೊಲೆಗಳನ್ನೂ ಒತ್ತಿ ನೋಡುವಾಗ ಎಡಗಡೆಯ ನಾಲ್ಕನೆಯ ಮೊಲೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಗಂಟು ಕೈಗೆ ಹತ್ತಿತು, ಅರ್ಧ ಸೆಂ.ಮೀ. ಇರಬಹುದು. ಮೊದಲಿನದೇ ಹರಡಿದೆಯೇ? ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿದರೆ ಸಾಕೇ?

ಸಿಂದಗಿಯ ಪಶುವೈದ್ಯ

ಎಕ್ಸ್‌ರೇ ಶುದ್ಧವಾಗಿರುವುದು ಸಂತೋಷ. ಆದರೂ ಅರ್ಧ ಸೆಂ.ಮೀ.ಗಿಂತ ಚಿಕ್ಕ ಗಂಟುಗಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲವಾದ್ದರಿಂದ ಮೂರು ತಿಂಗಳ ನಂತರ ಮತ್ತೊಮ್ಮೆ ತೆಗೆಸಿ.

ನಾಯಿಗಳಲ್ಲಿ ಒಂದಕ್ಕಿಂತ ಹೆಚ್ಚು ಮೊಲೆಗಂಟುಗಳಿರುವುದು ತೀರ ಸಾಮಾನ್ಯ, ಮತ್ತು ಒಂದೇ ನಾಯಿಯ ಎರಡು ಗಂಟುಗಳು ಬೇರೆ ಬೇರೆ ಬಗೆಯವಾಗಿರಬಹುದು. ಹೊಸ ಗಂಟು ನಿರುಪದ್ರವಿಯೂ ಆಗಿರಬಹುದು. ಸೂಜಿ ಪರೀಕ್ಷೆಯಿಂದ ಅದು ಕೊಬ್ಬಿನ ಗಂಟೋ ಮಾಸ್ಟ್ ಕೋಶದ ಗಡ್ಡೆಯೋ ಎಂದು ತಿಳಿಯುತ್ತದೆ, ಆದರೆ ಮೊಲೆಗಡ್ಡೆಯಾದರೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಅದರಿಂದ ನೆಚ್ಚಿ ಹೇಳಲಾಗದು. ತೊಡೆಸಂದಿಯ ದುಗ್ಧಗ್ರಂಥಿಗೆ ಮಾತ್ರ ಸೂಜಿ ಪರೀಕ್ಷೆ ಖಂಡಿತ ಮಾಡಿಸಿ. ಗಂಟನ್ನು ಈಗಲೇ, ಚಿಕ್ಕದಿರುವಾಗಲೇ ತೆಗೆಸಿಬಿಡುವುದು ಒಳಿತು; ಸಂತಾನಹರಣವನ್ನೂ ಅದೇ ಅರಿವಳಿಕೆಯಲ್ಲಿ ಮಾಡಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ.

ಸೂಕ್ಷ್ಮದರ್ಶಿನಿ, ಬೆಳಗಾವಿ

ಅಣ್ಣನವರೇ, ಈ ಗಂಟನ್ನು ತೆಗೆದಾಗ ಅಗಲ ಬಾಯಿಯ ಡಬ್ಬಿಯಲ್ಲಿ, ಗಂಟಿನ ಹತ್ತು ಪಟ್ಟು ಪ್ರಮಾಣದ 10% ಫಾರ್ಮಾಲಿನ್‌ನಲ್ಲಿ ಮುಳುಗಿಸಿ ಕಳುಹಿಸಲು ಹೇಳಿ. ದುಗ್ಧಗ್ರಂಥಿಯನ್ನು ತೆಗೆದರೆ ಅದಕ್ಕೆ ಬೇರೆಯೇ ಡಬ್ಬಿ ಇರಲಿ. ಯಾವ ಕಡೆಯ ಎಷ್ಟನೆಯ ಮೊಲೆ ಎಂದು ಡಬ್ಬಿಯ ಮೇಲೆಯೇ ಬರೆಯಬೇಕು, ಮುಚ್ಚಳದ ಮೇಲೆ ಬರೆದರೆ ಅದಲುಬದಲಾಗುತ್ತದೆ. ಫ್ರೀಜರ್‌ನಲ್ಲಿಟ್ಟು ಹೆಪ್ಪುಗಟ್ಟಿಸಿದ ಗಂಟಿನಲ್ಲಿ ಕೋಶಗಳು ಒಡೆದುಹೋಗಿ ನಮಗೆ ಏನೂ ಓದಲಾಗುವುದಿಲ್ಲ.

ಮೊದಲ ಗಡ್ಡೆಯ ಮೇಣದ ಬ್ಲಾಕ್ ಪ್ರಯೋಗಾಲಯದಲ್ಲಿ ಇನ್ನೂ ಇದೆಯೇ ಎಂದು ವಿಚಾರಿಸಿ, ಅದನ್ನು ಕಾಯ್ದಿಡುವಂತೆ ಲಿಖಿತವಾಗಿ ಕೇಳಿಕೊಳ್ಳಿ. ಮೇಣದಲ್ಲಿ ಕೂಡಿಸಿದ ಅಂಗಾಂಶ ವರ್ಷಗಟ್ಟಲೆ ಕೆಡದೆ ಇರುತ್ತದೆ. ಸಿಡಿ8 ಕೋಶಗಳೆಷ್ಟು, ಮ್ಯಾಕ್ರೋಫೇಜ್‌ಗಳೆಷ್ಟು, ಸಿಡಿ31 ಬಣ್ಣ ಹಾಕಿದರೆ ನಾಳಗಳೆಷ್ಟು ಎಂದು ಎಣಿಸುವುದು ಮುಂದೆ ಎಂದಾದರೂ ಬೇಕಾದರೆ ಅದೇ ಬ್ಲಾಕಿನಿಂದ ಹೊಸ ಕತ್ತರಿಕೆಗಳನ್ನು ತೆಗೆಯಬಹುದು. ಎರಡನೆಯ ಗಂಟಿನ ವರದಿ ಬಂದಾಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದೋಣ. ವರದಿಯ ಪ್ರತಿಯನ್ನು ನಿಮ್ಮ ಹೆಸರು, ಫೋನ್ ಸಂಖ್ಯೆ ಮರೆಮಾಡಿ ಇಲ್ಲಿಯೇ ಹಾಕಿ.